ಫೋನ್ ನಮ್ಮದು, ಹಿಡಿತ ಯಾರದ್ದು?

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಇವತ್ತಿನ ಮಾತು ನಿಮ್ಮ ಕೈಯಲ್ಲೇ ಇರೋ ಫೋನಿನ ಬಗ್ಗೆ. ಬಹುಶಃ ಈ ಸಂಚಿಕೆಯನ್ನ ಅದರಲ್ಲೇ ಕೇಳ್ತಾ ಇದ್ದೀರಿ.

ಮೊದಲು ಒಂದು ಘಟನೆ ಹೇಳ್ತೀನಿ. 2021ರ ಕೊನೆ. ಆಫೀಸಲ್ಲಿ ಮಧ್ಯಾಹ್ನ ಊಟದ ಡಬ್ಬಿ ತೆಗೆದಿದ್ದೆ ಅಷ್ಟೇ. ಗೊತ್ತಿಲ್ಲದ ನಂಬರಿಂದ ಕರೆ ಬಂತು. ಅರ್ಧ ಹಿಂದಿ, ಅರ್ಧ ಹರಕು ಕನ್ನಡ. "ಅಣ್ಣ ಬೆಂಗಳೂರು ಮಾತಾಡ್ತಿರೋದಾ?" ಅಂದ. ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ನನ್ನ ಚಿಕ್ಕಪ್ಪನ ಮಗನ ಹೆಸರು ಹೇಳಿ, "ಅವನು ಸಾಲ ಕಟ್ಟಿಲ್ಲ, ನೀವು ಕಟ್ಟಿ. ಇಲ್ಲಾಂದ್ರೆ ನಿಮ್ಮ ನೆಂಟರಿಗೆಲ್ಲ ಫೋನ್ ಹೋಗತ್ತೆ" ಅಂದ.

ಸಂಜೆ ಹೊತ್ತಿಗೆ ನಿಜವಾಗಿಯೂ ಹೋಗಿತ್ತು. ನಮ್ಮ ಅತ್ತೆಗೆ, ಹುಡುಗನ ಕಾಲೇಜಿನ ಲೆಕ್ಚರರ್‌ಗೆ, ಕೊನೆಗೆ ಅವರ ಮನೆಗೆ ಸಿಲಿಂಡರ್ ಹಾಕುವವನಿಗೂ. ವಿಚಾರಿಸಿದರೆ ಒಂದು ಸಾಲದ ಆ್ಯಪಿನಿಂದ ಆರು ಸಾವಿರ ರೂಪಾಯಿ ತಗೊಂಡಿದ್ದ. ಆ್ಯಪ್ ಹಾಕುವಾಗ ಕಾಂಟ್ಯಾಕ್ಟ್ಸ್ ನೋಡೋಕೆ ಅನುಮತಿ ಕೇಳಿದೆ, ಇವನು 'ಅಲೋ' ಒತ್ತಿದ್ದಾನೆ. "ಯಾಕೋ ಒತ್ತಿದೆ?" ಅಂತ ಬೈದೆ. "ಒತ್ತದೇ ಹೋದ್ರೆ ಮುಂದಕ್ಕೇ ಹೋಗಲ್ಲ ಅಣ್ಣ" ಅಂದ.

'ಅಣ್ಣ ಬೆಂಗಳೂರು' ಅನ್ನೋದು ಅವನ ಫೋನಲ್ಲಿ ನನ್ನ ನಂಬರ್ ಸೇವ್ ಆಗಿದ್ದ ಹೆಸರು. ನಾನು ಸಾಲ ತಗೊಂಡಿರಲಿಲ್ಲ, ಆ ಆ್ಯಪ್ ಹಾಕಿರಲಿಲ್ಲ, ಯಾವುದಕ್ಕೂ ಒಪ್ಪಿಗೆ ಕೊಟ್ಟಿರಲಿಲ್ಲ. ಆದರೂ ನನ್ನ ನಂಬರ್ ಹೆಸರಿನ ಸಮೇತ ಯಾರದ್ದೋ ಕಂಪ್ಯೂಟರ್‌ಗೆ ಹೋಗಿ ಕೂತಿತ್ತು.

ಆಮೇಲೆ ನಿಯಮಗಳು ಬಂದವು. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್, ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಕರೆಗಳ ಪಟ್ಟಿ, ಫೈಲ್‌ಗಳನ್ನ ಮುಟ್ಟಬಾರದು ಅಂತ ಮಾರ್ಗಸೂಚಿ ಹೊರಡಿಸಿತು. 2023ರಲ್ಲಿ ಗೂಗಲ್ ಕೂಡ ಪ್ಲೇ ಸ್ಟೋರ್‌ನಲ್ಲಿರೋ ವೈಯಕ್ತಿಕ ಸಾಲದ ಆ್ಯಪ್‌ಗಳಿಗೆ ಇದೇ ಥರದ ನಿರ್ಬಂಧ ಹಾಕಿತು. ಒಳ್ಳೇದೇ ಆಯ್ತು. ಆದರೆ ನಿಯಮ ಪಾಲಿಸೋದು ಪಾಲಿಸುವವರು ಮಾತ್ರ. ನನ್ನ ತಲೆಯಲ್ಲಿ ಕೂತ ಪ್ರಶ್ನೆ ಬೇರೆ: ಆ್ಯಪ್ ಎಷ್ಟೇ ಹಟ ಮಾಡಲಿ, 'ಕೊಡಲ್ಲ' ಅಂತ ನಾನು ಹೇಳಿದರೆ ಆ ಮಾತನ್ನ ನಡೆಸಿಕೊಡೋ ಫೋನ್ ಇದೆಯಾ?

ಇದೆ. ಅಂಥ ಫೋನನ್ನ ನಾನು ಈಗ ಬಳಸ್ತಾ ಇದ್ದೀನಿ. ಅದರಿಂದ ಸಿಕ್ಕಿದ್ದೇನು, ಕಳಕೊಂಡಿದ್ದೇನು ಎರಡನ್ನೂ ಹೇಳ್ತೀನಿ.

ಆಂಡ್ರಾಯ್ಡ್ ಅಂದ್ರೆ ಒಂದಲ್ಲ, ಎರಡು

ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರೋದು ಆಂಡ್ರಾಯ್ಡ್. ಅದರೊಳಗೆ ಎರಡು ಪದರ ಇವೆ.

ಕೆಳಗಿನ ಪದರದ ಹೆಸರು ಎಓಎಸ್‌ಪಿ, ಅಂದರೆ ಆಂಡ್ರಾಯ್ಡ್ ಓಪನ್ ಸೋರ್ಸ್ ಪ್ರಾಜೆಕ್ಟ್. ಕರೆ, ಪರದೆ, ವೈಫೈ, ಕ್ಯಾಮೆರಾ, ಆ್ಯಪ್‌ಗಳನ್ನ ನಡೆಸೋ ವ್ಯವಸ್ಥೆ ಎಲ್ಲ ಇಲ್ಲೇ. ಇದರ ಸೋರ್ಸ್ ಕೋಡ್ ಮುಕ್ತ. ಯಾರು ಬೇಕಾದರೂ ಓದಬಹುದು, ಬದಲಾಯಿಸಬಹುದು, ತಮ್ಮ ಹೆಸರಲ್ಲಿ ಹಂಚಬಹುದು.

ಅದರ ಮೇಲಿನ ಪದರ ಗೂಗಲ್‌ನ ಸ್ವಂತ ಸೊತ್ತು: ಪ್ಲೇ ಸ್ಟೋರ್, ಪ್ಲೇ ಸರ್ವೀಸಸ್, ಮ್ಯಾಪ್ಸ್ ಇತ್ಯಾದಿ. ಇದು ಮುಕ್ತ ಅಲ್ಲ. ಇದರಲ್ಲಿ ಪ್ಲೇ ಸರ್ವೀಸಸ್ ಅನ್ನೋದನ್ನ ನೀವು ಯಾವತ್ತೂ ತೆರೆದಿರಲ್ಲ, ಆದರೆ ಅದು ಸದಾ ಎದ್ದಿರತ್ತೆ. ನಿಮ್ಮ ನೋಟಿಫಿಕೇಶನ್‌ಗಳು ಬರೋದು ಹೆಚ್ಚಾಗಿ ಅದರ ಮೂಲಕ, ಲೊಕೇಶನ್ ಬೇಗ ಸಿಗೋದು ಅದರಿಂದ. ಮಾಮೂಲಿ ಫೋನ್‌ಗಳಲ್ಲಿ ಅದಕ್ಕೆ ಬೇರೆ ಆ್ಯಪ್‌ಗಳಿಗಿಲ್ಲದ ವಿಶೇಷ ಅಧಿಕಾರ ಇರತ್ತೆ. ನೀವು ಅದನ್ನ ತೆಗೆಯೋಕೆ ಆಗಲ್ಲ. ಇದರ ಮೇಲೆ ಫೋನ್ ಕಂಪನಿ ತನ್ನದೂ ಒಂದಷ್ಟು ಸೇರಿಸತ್ತೆ: ಅಳಿಸೋಕೆ ಬಾರದ ಆ್ಯಪ್‌ಗಳು, ಸೆಟ್ಟಿಂಗ್ಸ್ ಒಳಗೇ ಜಾಹೀರಾತು.

ಪೂರ್ತಿ ದುಡ್ಡು ಕೊಟ್ಟು ಮನೆ ಕೊಂಡಿದ್ದೀರಿ, ಆದರೆ ಕಟ್ಟಿಸಿದವರು ಒಂದು ಬೀಗದ ಕೈ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದಾರೆ ಅಂದುಕೊಳ್ಳಿ. ಅವರು ಕಳ್ಳರು ಅಂತ ನಾನು ಹೇಳ್ತಿಲ್ಲ. ಬೀಗದ ಕೈ ಯಾರ ಹತ್ತಿರ ಇರಬೇಕು ಅಂತ ತೀರ್ಮಾನ ಮಾಡುವಾಗ ನಮ್ಮನ್ನ ಯಾರೂ ಕೇಳಲಿಲ್ಲ, ಅಷ್ಟೇ.

ಸುಮ್ಮನೆ ಮಲಗಿದ್ದ ಫೋನ್ ಏನು ಮಾಡತ್ತೆ?

ಇದನ್ನ ಅಳತೆ ಮಾಡಿ ನೋಡಿದವರಿದ್ದಾರೆ. ಐರ್ಲೆಂಡಿನ ಡಬ್ಲಿನ್‌ನಲ್ಲಿರೋ ಟ್ರಿನಿಟಿ ಕಾಲೇಜಿನ ಪ್ರೊಫೆಸರ್ ಡಗ್ಲಸ್ ಲೀತ್ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಆಂಡ್ರಾಯ್ಡ್ ಫೋನ್, ಒಂದು ಐಫೋನ್. ಎರಡರಲ್ಲೂ ಮಾಹಿತಿ ಹಂಚಿಕೊಳ್ಳೋ ಆಯ್ಕೆಗಳನ್ನ ಆದಷ್ಟು ಆಫ್ ಮಾಡಿ, ಬಳಸದೇ ಇಟ್ಟರು. ಆದರೂ ಎರಡೂ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತಮ್ಮ ತಮ್ಮ ಕಂಪನಿಗೆ ಮಾಹಿತಿ ಕಳಿಸ್ತಿದ್ದವು. ಫೋನಿನ ಐಎಂಇಐ, ಸಿಮ್‌ನ ಸೀರಿಯಲ್ ನಂಬರ್, ಫೋನ್ ನಂಬರ್ ಇಂಥವೂ ಅದರಲ್ಲಿದ್ದವು. ಹಾಗಾಗಿ 'ನನ್ನದು ಐಫೋನ್, ನನಗೆ ಚಿಂತೆ ಇಲ್ಲ' ಅನ್ನೋರು ಸ್ವಲ್ಪ ತಾಳಿ. ಫೋನ್ ಸರಿಯಾಗಿ ಕೆಲಸ ಮಾಡೋಕೆ ಇಂಥ ಸಂಪರ್ಕ ಬೇಕಾಗತ್ತೆ ಅನ್ನೋದು ಗೂಗಲ್‌ನ ಉತ್ತರ. ಅಪ್‌ಡೇಟ್ ಇದೆಯಾ ಅಂತ ಕೇಳೋಕೆ ಒಂದಷ್ಟು ಸಂಪರ್ಕ ಬೇಕು, ನಿಜ. ಇಷ್ಟೊಂದು ಬೇಕಾ ಅನ್ನೋದೇ ಜಗಳ.

ಅದೇ ವರ್ಷ ಅವರ ತಂಡ ಎಡಿನ್‌ಬರೋ ವಿಶ್ವವಿದ್ಯಾಲಯದವರ ಜೊತೆ ಸೇರಿ ಇನ್ನೊಂದು ಅಧ್ಯಯನ ಮಾಡಿತು. ಈ ಬಾರಿ ಸ್ಯಾಮ್‌ಸಂಗ್, ಶಓಮಿ, ಹುವಾವೇ, ರಿಯಲ್‌ಮಿ ಫೋನ್‌ಗಳು, ಜೊತೆಗೆ ಲಿನಿಯೇಜ್ ಓಎಸ್ ಮತ್ತು /ಇ/ಓಎಸ್ ಅನ್ನೋ ಎರಡು ಪರ್ಯಾಯ ವ್ಯವಸ್ಥೆಗಳು. ಇವುಗಳಲ್ಲಿ /ಇ/ಓಎಸ್ ಒಂದನ್ನ ಬಿಟ್ಟು ಉಳಿದೆಲ್ಲವೂ ಸುಮ್ಮನಿದ್ದಾಗಲೂ ಗಣನೀಯ ಪ್ರಮಾಣದ ಮಾಹಿತಿ ಕಳಿಸ್ತಿದ್ದವು.

ಲಿನಿಯೇಜ್ ಓಎಸ್ ಪರ್ಯಾಯ ತಾನೇ, ಅದು ಯಾಕೆ ಕಳಿಸ್ತು ಅಂತೀರಾ? ಅದರಲ್ಲಿ ಗೂಗಲ್‌ನ ಆ್ಯಪ್‌ಗಳ ಕಟ್ಟನ್ನ ಸೇರಿಸಿದ್ದರು. ಕಳಿಸಿದ್ದು ಆ ಕಟ್ಟು. ಆಪರೇಟಿಂಗ್ ಸಿಸ್ಟಂ ಬದಲಾಯಿಸಿ, ಆಮೇಲೆ ಹಳೆ ಪದರವನ್ನೇ ಹಾಗೇ ಮೇಲೆ ಕೂರಿಸಿದರೆ ಶ್ರಮ ವ್ಯರ್ಥ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗತ್ತೆ.

ಇದೆಲ್ಲ ಶುರುವಾಗಿದ್ದು ಎಲ್ಲಿಂದ?

ಮೊದಲ ಆಂಡ್ರಾಯ್ಡ್ ಫೋನ್ ಎಚ್‌ಟಿಸಿ ಡ್ರೀಮ್ ಬಂದಿದ್ದು 2008ರಲ್ಲಿ. ಮರುವರ್ಷವೇ ಸ್ಟೀವ್ ಕೊಂಡಿಕ್ ಅನ್ನೋ ಪ್ರೋಗ್ರಾಮರ್ ಅದಕ್ಕೆ ತನ್ನದೇ ಆವೃತ್ತಿ ಮಾಡಿ ಹಂಚೋಕೆ ಶುರು ಮಾಡಿದರು. ಹೆಸರು ಸಯನೋಜೆನ್‌ಮಾಡ್. 2009ರಲ್ಲೇ ಗೂಗಲ್‌ನಿಂದ ನೋಟಿಸ್ ಬಂತು: ಆಂಡ್ರಾಯ್ಡ್ ಹಂಚಿಕೊಳ್ಳಿ, ನಮ್ಮ ಆ್ಯಪ್‌ಗಳನ್ನ ಹಂಚಬೇಡಿ. ಎರಡು ಪದರ ಅಂದೆನಲ್ಲ, ಆ ಗೆರೆ ಜನರ ಕಣ್ಣಿಗೆ ಸ್ಪಷ್ಟವಾಗಿ ಕಂಡಿದ್ದು ಆವಾಗ.

ನಮ್ಮ ದೇಶಕ್ಕೂ ಈ ಕಥೆಯಲ್ಲಿ ಒಂದು ಅಧ್ಯಾಯ ಇದೆ. 2014ರಲ್ಲಿ ಒನ್‌ಪ್ಲಸ್ ಒನ್ ಫೋನ್ ಬಂದಿದ್ದೇ ಸಯನೋಜೆನ್ ಹಾಕಿಕೊಂಡು. ಭಾರತದಲ್ಲಿ ಅದರ ಹಕ್ಕು ತನಗೆ ಮಾತ್ರ ಅಂತ ಮೈಕ್ರೋಮ್ಯಾಕ್ಸ್ ದೆಹಲಿ ಹೈಕೋರ್ಟಿಗೆ ಹೋಯ್ತು. ಡಿಸೆಂಬರ್‌ನಲ್ಲಿ ಒನ್‌ಪ್ಲಸ್ ಮಾರಾಟಕ್ಕೆ ತಾತ್ಕಾಲಿಕ ತಡೆ ಬಿತ್ತು, ಆಮೇಲೆ ಅದು ತೆರವಾಯ್ತು. ಅದೇ ಹೊತ್ತಿಗೆ ಮೈಕ್ರೋಮ್ಯಾಕ್ಸ್‌ನ 'ಯು' ಬ್ರ್ಯಾಂಡಿನ ಯುರೇಕಾ ಫೋನ್ ಸಯನೋಜೆನ್ ಜೊತೆ ಬಂತು. ನಿಮ್ಮ ಅಣ್ಣನೋ ಅಕ್ಕನೋ ಅದನ್ನ ಬಳಸಿರಬಹುದು, ಕೇಳಿ ನೋಡಿ.

ಸಯನೋಜೆನ್ ಕಂಪನಿ 2016ರ ಕೊನೆಗೆ ಈ ಓಎಸ್‌ನ ಸೇವೆಗಳನ್ನ ನಿಲ್ಲಿಸಿತು. ಆದರೆ ಕೋಡ್ ಮುಕ್ತವಾಗಿತ್ತಲ್ಲ, ಅದೇ ಡಿಸೆಂಬರ್‌ನಲ್ಲಿ ಸ್ವಯಂಸೇವಕರು ಅದನ್ನ ಎತ್ತಿಕೊಂಡು ಲಿನಿಯೇಜ್ ಓಎಸ್ ಅಂತ ಮುಂದುವರಿಸಿದರು. ಕಂಪನಿ ಕೈಬಿಟ್ಟರೂ ಕೆಲಸ ಉಳಿಯಿತು. ಮುಕ್ತ ತಂತ್ರಾಂಶದ ಲಾಭ ಇದೇ.

ಮೂರು ದಾರಿ

ಇವತ್ತು ಈ ದಾರಿಗೆ ಬರೋರ ಮುಂದೆ ಮುಖ್ಯವಾಗಿ ಮೂರು ಆಯ್ಕೆ ಇವೆ.

ಮೊದಲನೆಯದು ಲಿನಿಯೇಜ್ ಓಎಸ್. ಬೇರೆ ಬೇರೆ ಕಂಪನಿಗಳ ನೂರಾರು ಮಾಡೆಲ್‌ಗಳಿಗೆ ಸಿಗತ್ತೆ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಹಳೆ ಫೋನಿಗೆ ಜೀವ ಕೊಡೋದಕ್ಕೆ ಇದು ಬಹಳ ಒಳ್ಳೇದು. ಗೂಗಲ್ ಇರಲ್ಲ, ಬೇಕಾದರೆ ನೀವೇ ಸೇರಿಸಿಕೊಳ್ಳಬೇಕು. ಕೊರತೆ ಏನಂದ್ರೆ, ಹೆಚ್ಚಿನ ಮಾಡೆಲ್‌ಗಳಲ್ಲಿ ಬೂಟ್‌ಲೋಡರ್ ತೆರೆದೇ ಇರತ್ತೆ.

ಬೂಟ್‌ಲೋಡರ್ ಅಂದರೆ ಫೋನ್ ಆನ್ ಮಾಡಿದ ತಕ್ಷಣ ಓಡೋ ಪುಟ್ಟ ಪ್ರೋಗ್ರಾಂ. ಯಾವ ಆಪರೇಟಿಂಗ್ ಸಿಸ್ಟಂಗೆ ಒಳಗೆ ಬಿಡಬೇಕು ಅಂತ ಅದು ನೋಡತ್ತೆ. ಕಂಪನಿಯ ಸಹಿ ಇದ್ದರೆ ಮಾತ್ರ ಒಳಗೆ. ಬೇರೆ ಓಎಸ್ ಹಾಕೋಕೆ ಈ ಬೀಗ ತೆಗೀಬೇಕು. ತೆಗೆದು ಹಾಗೇ ಬಿಟ್ಟರೆ, ನಿಮ್ಮ ಫೋನ್ ಬೇರೆಯವರ ಕೈಗೆ ಸಿಕ್ಕಾಗ ಅವರು ಅದರ ಸಿಸ್ಟಂ ಅನ್ನೇ ಬದಲಾಯಿಸಿ ಇಡಬಹುದು.

ಎರಡನೆಯದು /ಇ/ಓಎಸ್. ಮ್ಯಾಂಡ್ರೇಕ್ ಲಿನಕ್ಸ್ ಶುರು ಮಾಡಿದ ಫ್ರಾನ್ಸಿನ ಗಾಯೆಲ್ ದುವಾಲ್ ಕಟ್ಟಿದ್ದು. ಲಿನಿಯೇಜ್ ಮೇಲೆ ನಿಂತಿದೆ. ಪ್ಲೇ ಸರ್ವೀಸಸ್ ಬದಲು ಮೈಕ್ರೋಜಿ ಅನ್ನೋ ಮುಕ್ತ ತಂತ್ರಾಂಶ ಇರತ್ತೆ, ಆ್ಯಪ್‌ಗಳಲ್ಲಿರೋ ಟ್ರ್ಯಾಕರ್‌ಗಳನ್ನ ತಡೆಯೋ ಸೌಲಭ್ಯ ಇದೆ. ಹೊಸಬರಿಗೆ ಬಳಸೋದು ಸುಲಭ. ಭದ್ರತಾ ಪ್ಯಾಚ್‌ಗಳು ತಡವಾಗಿ ಬರತ್ತವೆ ಅನ್ನೋದು ಇದರ ಮೇಲಿರೋ ಟೀಕೆ.

ಮೂರನೆಯದು ಗ್ರಾಫೀನ್ ಓಎಸ್. ನಾನು ಬಳಸ್ತಿರೋದು ಇದೇ. ಇದರ ಒಂದು ತಮಾಷೆ ನೋಡಿ: ಗೂಗಲ್‌ನಿಂದ ದೂರ ಇರೋಕೆ ಅಂತ ನಾನು ಕೊಂಡಿದ್ದು ಗೂಗಲ್‌ನದ್ದೇ ಪಿಕ್ಸೆಲ್ ಫೋನ್! ಕಾರಣ ಇದೆ. ಪಿಕ್ಸೆಲ್‌ನಲ್ಲಿ ಬೂಟ್‌ಲೋಡರ್ ತೆರೆದು, ಬೇರೆ ಓಎಸ್ ಹಾಕಿ, ಮತ್ತೆ ಬೀಗ ಹಾಕೋಕೆ ಬರತ್ತೆ. ಆಮೇಲೆ ಪ್ರತಿ ಸಲ ಆನ್ ಆಗುವಾಗಲೂ ಒಳಗಿರೋದು ಅದೇ ಗ್ರಾಫೀನ್, ಯಾರೂ ಕೈ ಹಾಕಿಲ್ಲ ಅಂತ ಫೋನ್ ಪರೀಕ್ಷೆ ಮಾಡತ್ತೆ. ಜೊತೆಗೆ ಪಿಕ್ಸೆಲ್ 8ರಿಂದ ಈಚೆಗಿನ ಫೋನ್‌ಗಳಿಗೆ ಏಳು ವರ್ಷದ ಅಪ್‌ಡೇಟ್ ಇದೆ.

ಗ್ರಾಫೀನ್‌ನಲ್ಲಿ ಪ್ಲೇ ಸ್ಟೋರ್ ಹಾಕಿಕೊಳ್ಳಬಹುದು. ಆದರೆ ಅದು ಅಲ್ಲಿ ಮಾಮೂಲಿ ಆ್ಯಪ್ ಅಷ್ಟೇ, ವಿಶೇಷ ಅಧಿಕಾರ ಇಲ್ಲ. ಲೊಕೇಶನ್ ಬೇಕಾದರೆ ಬೇರೆ ಆ್ಯಪ್‌ಗಳ ಹಾಗೇ ಕೇಳಬೇಕು, ಬೇಡ ಅಂದರೆ ಬೇಡ. ಯಾವುದೇ ಆ್ಯಪ್‌ಗೆ ಇಂಟರ್‌ನೆಟ್ಟನ್ನೇ ನಿಲ್ಲಿಸೋ ಗುಂಡಿಯೂ ಇದೆ. ನಾನು ಮೊದಲು ಅದನ್ನ ಬಳಸಿದ್ದು ಕೀಬೋರ್ಡಿಗೆ. ಯೋಚನೆ ಮಾಡಿ, ನಾವು ಟೈಪ್ ಮಾಡೋ ಪ್ರತಿ ಅಕ್ಷರವೂ ಹೋಗೋದು ಕೀಬೋರ್ಡ್ ಮೂಲಕ. ಕನ್ನಡ ಟೈಪ್ ಮಾಡೋಕೆ ಅದಕ್ಕೆ ಇಂಟರ್‌ನೆಟ್ ಯಾಕೆ ಬೇಕು?

ಇನ್ನು ನನ್ನ ಆ ಹಳೆ ಪ್ರಶ್ನೆಗೆ ಉತ್ತರ. ಗ್ರಾಫೀನ್‌ನಲ್ಲಿ 'ಕಾಂಟ್ಯಾಕ್ಟ್ ಸ್ಕೋಪ್ಸ್' ಅಂತ ಒಂದು ಸೌಲಭ್ಯ ಇದೆ. ಆ್ಯಪ್ ಕಾಂಟ್ಯಾಕ್ಟ್ಸ್ ಕೇಳತ್ತೆ. ನೀವು ಸ್ಕೋಪ್ಸ್ ಆನ್ ಮಾಡ್ತೀರಿ. ಆ್ಯಪಿಗೆ ಅನುಮತಿ ಸಿಕ್ಕಿದೆ ಅನ್ನಿಸತ್ತೆ, ಆದರೆ ಅದರ ಕಣ್ಣಿಗೆ ಬೀಳೋದು ಖಾಲಿ ಪಟ್ಟಿ, ಇಲ್ಲಾ ನೀವು ಆರಿಸಿಕೊಟ್ಟ ಒಂದೆರಡು ಹೆಸರು. ಫೋಟೋ, ಫೈಲ್‌ಗಳಿಗೂ ಇದೇ ವ್ಯವಸ್ಥೆ ಇದೆ. 2021ರಲ್ಲಿ ಆ ಹುಡುಗನ ಫೋನಲ್ಲಿ ಇದು ಇದ್ದಿದ್ದರೆ, ಆ್ಯಪ್ ಮುಂದಿನ ಪುಟಕ್ಕೂ ಹೋಗ್ತಿತ್ತು, 'ಅಣ್ಣ ಬೆಂಗಳೂರು' ಮನೆಯಲ್ಲೇ ಉಳೀತಿದ್ದ.

ಹಾಕೋಕೆ ಹೋಗಿ ನಾನು ಮಾಡಿಕೊಂಡ ಎಡವಟ್ಟು

ನೇರವಾಗಿ ಗ್ರಾಫೀನ್‌ಗೆ ಬಂದವನಲ್ಲ ನಾನು. ಮೊದಲು ಹಳೆ ಫೋನಿಗೆ ಲಿನಿಯೇಜ್ ಹಾಕೋಕೆ ಹೊರಟೆ. ಬೂಟ್‌ಲೋಡರ್ ತೆರೆಯೋಕೆ ಆ ಕಂಪನಿಗೆ ಅರ್ಜಿ ಹಾಕಿ ಏಳು ದಿನ ಕಾಯಬೇಕಿತ್ತು. ಕಾದೆ. ಎಂಟನೇ ದಿನ ರಾತ್ರಿ ಹನ್ನೊಂದಕ್ಕೆ ಉತ್ಸಾಹದಲ್ಲಿ ಕೂತೆ. ಬೂಟ್‌ಲೋಡರ್ ತೆರೆದ ಕೂಡಲೇ ಫೋನಲ್ಲಿರೋದೆಲ್ಲ ಅಳಿಸಿಹೋಗತ್ತೆ. ಅದು ಗೊತ್ತಿತ್ತು, ಫೋಟೋ ಎಲ್ಲ ಲ್ಯಾಪ್‌ಟಾಪಿಗೆ ಹಾಕಿಟ್ಟಿದ್ದೆ. ಆದರೆ ಲಾಗಿನ್‌ಗೆ ಆರಂಕಿಯ ಕೋಡ್ ಕೊಡೋ ಆಥೆಂಟಿಕೇಟರ್ ಆ್ಯಪ್ ಮರೆತೇ ಹೋಗಿತ್ತು. ಅದೂ ಅಳಿಸಿಹೋಯ್ತು. ನನ್ನ ಇಮೇಲ್‌ಗೆ ನಾನೇ ವಾಪಸ್ ಹೋಗೋಕೆ ನಾಲ್ಕು ದಿನ ಹಿಡೀತು. ತಪ್ಪು ಪೂರ್ತಿ ನನ್ನದೇ.

ಹಾಗಾಗಿ ಯಾರೇ ಮಾಡಿದರೂ ಮೊದಲು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ: ಫೋಟೋ, ಕಾಂಟ್ಯಾಕ್ಟ್ಸ್, ವಾಟ್ಸ್‌ಆ್ಯಪ್ ಬ್ಯಾಕಪ್, ಆಥೆಂಟಿಕೇಟರ್ ಕೋಡ್‌ಗಳು, ಆಫ್‌ಲೈನ್ ನೋಟ್ಸ್, ಕಾಲ್ ರೆಕಾರ್ಡಿಂಗ್. ಒಂದೊಂದನ್ನೇ ಟಿಕ್ ಮಾಡಿ.

ಆಮೇಲೆ ಸೆಕೆಂಡ್ ಹ್ಯಾಂಡ್ ಪಿಕ್ಸೆಲ್ ಕೊಂಡೆ. ಕೊಳ್ಳುವಾಗ ಒಂದು ವಿಷಯ ನೋಡಲೇಬೇಕು. ಡೆವಲಪರ್ ಆಪ್ಶನ್ಸ್ ಒಳಗೆ 'ಓಇಎಂ ಅನ್‌ಲಾಕಿಂಗ್' ಅಂತ ಇರತ್ತೆ. ಇಂಟರ್‌ನೆಟ್ ಹಾಕಿದ ಮೇಲೂ ಅದು ಮಂಕಾಗಿದ್ದು ಒತ್ತೋಕೆ ಬರದಿದ್ದರೆ ಆ ಫೋನ್ ಬೇಡ. ವಿದೇಶದ ಮೊಬೈಲ್ ಸೇವಾ ಕಂಪನಿಗಳು ಲಾಕ್ ಮಾಡಿದ ಫೋನ್‌ಗಳು ಇಲ್ಲಿನ ಅಂಗಡಿಗಳಿಗೂ ಬರತ್ತವೆ.

ಗ್ರಾಫೀನ್ ಹಾಕೋದು ಅಂದುಕೊಂಡಷ್ಟು ಕಷ್ಟ ಇಲ್ಲ. ಅವರ ವೆಬ್‌ಸೈಟಲ್ಲೇ ಇನ್‌ಸ್ಟಾಲರ್ ಇದೆ. ಒಂದು ಒಳ್ಳೆ ಯುಎಸ್‌ಬಿ ಕೇಬಲ್, ಕ್ರೋಮ್ ಥರದ ಬ್ರೌಸರ್ ಇರೋ ಕಂಪ್ಯೂಟರ್ ಸಾಕು. ಬೀಗ ತೆಗೆಯೋದು, ಡೌನ್‌ಲೋಡ್, ಫೋನಿಗೆ ಬರೆಯೋದು, ಮತ್ತೆ ಬೀಗ ಹಾಕೋದು, ನಾಲ್ಕು ಗುಂಡಿಯ ಕೆಲಸ. ಕೊನೆಯ 'ಮತ್ತೆ ಬೀಗ ಹಾಕೋದು' ಹಂತವನ್ನ ಮಾತ್ರ ಬಿಡಬೇಡಿ.

ದರ್ಶಿನಿಯ ಕೌಂಟರ್‌ನಲ್ಲಿ ಮರ್ಯಾದೆ ಹೋಗಿದ್ದು

ಈಗ ಕಷ್ಟದ ಭಾಗ. ಹೊಸ ಫೋನ್ ಹಿಡಿದು ಬೆಳಗ್ಗೆ ದರ್ಶಿನಿಗೆ ಹೋದೆ. ಇಡ್ಲಿ ವಡೆಗೆ ಟೋಕನ್ ತಗೊಳ್ಳೋಣ ಅಂತ ಕ್ಯೂಆರ್ ಸ್ಕ್ಯಾನ್ ಮಾಡೋಕೆ ಯುಪಿಐ ಆ್ಯಪ್ ತೆರೆದರೆ, ನಿಮ್ಮ ಸಾಧನ ಸುರಕ್ಷಿತವಾಗಿಲ್ಲ ಅಂತ ಬಂತು. ಹಿಂದೆ ಆರು ಜನ ನಿಂತಿದ್ದಾರೆ. ಜೇಬಲ್ಲಿ ನೋಟಿಲ್ಲ. ಕೌಂಟರ್‌ನವರು "ಮುಂದಿನವರು ಬನ್ನಿ" ಅಂದೇಬಿಟ್ಟರು.

ಯಾಕೆ ಹೀಗೆ? 'ಪ್ಲೇ ಇಂಟೆಗ್ರಿಟಿ' ಅನ್ನೋ ಗೂಗಲ್ ಸೇವೆ ಇದೆ. ಬ್ಯಾಂಕ್, ಯುಪಿಐ ಆ್ಯಪ್‌ಗಳಲ್ಲಿ ಹಲವು 'ಈ ಫೋನ್ ನಂಬಬಹುದಾ?' ಅಂತ ಅದನ್ನ ಕೇಳತ್ತವೆ. ಗೂಗಲ್ ಪ್ರಮಾಣೀಕರಿಸಿದ ಸಾಫ್ಟ್‌ವೇರ್ ಇದ್ದರೆ ಹೂಂ, ಇಲ್ಲದಿದ್ದರೆ ಉಹೂಂ. ವರ್ಷಗಟ್ಟಲೆ ಭದ್ರತಾ ಅಪ್‌ಡೇಟ್ ಕಾಣದ ಹಳೆ ಫೋನ್ ಈ ಪರೀಕ್ಷೆಯ ಸಾಧಾರಣ ಮಟ್ಟದಲ್ಲಿ ಪಾಸಾಗಬಹುದು. ಇತ್ತೀಚಿನ ಪ್ಯಾಚ್ ಇರೋ, ಬೂಟ್‌ಲೋಡರ್‌ಗೆ ಬೀಗ ಹಾಕಿರೋ ನನ್ನ ಫೋನ್ ಫೇಲ್. ಬ್ಯಾಂಕ್‌ಗಳ ಕಷ್ಟವೂ ನನಗೆ ಅರ್ಥ ಆಗತ್ತೆ. ವಂಚನೆ ನಡೆದರೆ ಬೈಸಿಕೊಳ್ಳೋರು ಅವರೇ, ಒಂದು ಪರೀಕ್ಷೆ ಅವರಿಗೂ ಬೇಕು. ಆದರೆ ಆ ಪರೀಕ್ಷೆ ನೋಡ್ತಿರೋದು ಸುರಕ್ಷತೆಯನ್ನೋ, ಗೂಗಲ್‌ನ ಮುದ್ರೆಯನ್ನೋ ಅನ್ನೋದು ನ್ಯಾಯವಾದ ಪ್ರಶ್ನೆ.

ಎಲ್ಲ ಬ್ಯಾಂಕ್ ಆ್ಯಪ್‌ಗಳೂ ಹೀಗೆ ಮಾಡಲ್ಲ. ಕೆಲವು ಚೆನ್ನಾಗೇ ನಡೀತವೆ. ಇವತ್ತು ನಡೆದಿದ್ದು ನಾಳೆಯ ಅಪ್‌ಡೇಟ್‌ನಲ್ಲಿ ನಿಲ್ಲಲೂಬಹುದು. ಹಾಗಾಗಿ ಬದಲಾಗೋ ಮುಂಚೆ ನಿಮ್ಮ ಬ್ಯಾಂಕಿನ ಆ್ಯಪ್ ಬಗ್ಗೆ ಬಳಕೆದಾರರು ಇಟ್ಟಿರೋ ಪಟ್ಟಿ ನೋಡಿಕೊಳ್ಳಿ. ಪರೀಕ್ಷೆಗೆ ಮಂಕುಬೂದಿ ಎರಚೋ ಉಪಾಯಗಳು ಅಂತರ್ಜಾಲದಲ್ಲಿ ಸಿಗತ್ತವೆ. ಅದಕ್ಕಾಗಿ ಫೋನ್ ರೂಟ್ ಮಾಡೋಕೆ ಹೋದರೆ ಯಾವ ಸುರಕ್ಷತೆಗಾಗಿ ಇದನ್ನೆಲ್ಲ ಮಾಡಿದಿರೋ ಅದೇ ಹೋಗತ್ತೆ.

ನನ್ನ ಪರಿಹಾರ ತೀರಾ ಮಾಮೂಲಿ. ಬ್ಯಾಂಕಿಗೆ ಕೊಟ್ಟ ಸಿಮ್ ಒಂದು ಅಗ್ಗದ ಮಾಮೂಲಿ ಆಂಡ್ರಾಯ್ಡ್ ಫೋನಲ್ಲಿದೆ. ಯುಪಿಐ ನೋಂದಣಿಗೆ ಆ ಸಿಮ್ ಅದೇ ಫೋನಲ್ಲಿ ಇರಬೇಕಾಗತ್ತೆ. ಅದರಲ್ಲಿ ಹಣದ ಆ್ಯಪ್‌ಗಳು ಬಿಟ್ಟರೆ ಫೋಟೋ ಇಲ್ಲ, ಚಾಟ್ ಇಲ್ಲ, ಕಾಂಟ್ಯಾಕ್ಟ್ಸ್ ಇಲ್ಲ. ಅದು ನನ್ನ ಪರ್ಸು. ಗ್ರಾಫೀನ್ ಇರೋದು ನನ್ನ ಫೋನು. ಇಂಟರ್‌ನೆಟ್ ಇಲ್ಲದ ಜಾಗದಲ್ಲಿ *99# ಒತ್ತಿಯೂ ಯುಪಿಐ ಮಾಡಬಹುದು, ಅದಕ್ಕೆ ಯಾವ ಆ್ಯಪೂ ಬೇಡ. ಮತ್ತೆ, ಜೇಬಲ್ಲಿ ಇನ್ನೂರು ರೂಪಾಯಿ ನೋಟು ಇಟ್ಟುಕೊಳ್ಳೋ ಅಭ್ಯಾಸ ವಾಪಸ್ ಬಂದಿದೆ. ಎರಡು ಫೋನ್ ಇಟ್ಟುಕೊಳ್ಳೋದು ಎಲ್ಲರಿಗೂ ಆಗೋ ಮಾತಲ್ಲ, ಒಪ್ತೀನಿ.

ಇದು ಏನು ಮಾಡಲ್ಲ

ಪರ್ಯಾಯ ಓಎಸ್ ಹಾಕಿದರೆ ಮಾಯವಾಗಿಬಿಡ್ತೀವಿ ಅಂತ ಅಂದುಕೊಳ್ಳಬೇಡಿ. ಸಿಮ್ ಇದೆ ಅಂದರೆ ಯಾವ ಟವರ್ ಹತ್ತಿರ ಇದ್ದೀರಿ ಅಂತ ಟೆಲಿಕಾಂ ಕಂಪನಿಗೆ ಗೊತ್ತಿರತ್ತೆ. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಬಳಸಿದರೆ ಅದರೊಳಗೆ ನೀವು ಮಾಡಿದ್ದರಲ್ಲಿ ಒಂದಷ್ಟು ಮೆಟಾಗೆ ಗೊತ್ತಿರತ್ತೆ. ಯಾರಾದರೂ ಫೋನ್ ಮಾಡಿ ಓಟಿಪಿ ಕೇಳಿದಾಗ ನೀವೇ ಹೇಳಿಬಿಟ್ಟರೆ ಯಾವ ಓಎಸ್ ಬಂದರೂ ಉಳಿಸಲ್ಲ. ಇದು ಕೊಡೋದು ಒಂದೇ: ನಿಮ್ಮ ಫೋನ್ ನಿಮ್ಮ ಮಾತು ಕೇಳೋ ಹಾಗೆ ಮಾಡತ್ತೆ.

ಇದು ಬರೀ ಗೀಕ್‌ಗಳ ಹುಚ್ಚಾ?

ಹಾಗಂತ ನಾನೂ ಅಂದುಕೊಂಡಿದ್ದೆ. ಆದರೆ ಇತ್ತೀಚಿನ ಕೆಲವು ಬೆಳವಣಿಗೆ ನೋಡಿ.

2025ರ ನವೆಂಬರ್ ಕೊನೆಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ, ಮಾರಾಟವಾಗೋ ಹೊಸ ಫೋನ್‌ಗಳಲ್ಲೆಲ್ಲ 'ಸಂಚಾರ್ ಸಾಥಿ' ಆ್ಯಪ್ ಮೊದಲೇ ಇರಬೇಕು ಅಂತ ಕಂಪನಿಗಳಿಗೆ ಆದೇಶ ಕೊಟ್ಟಿತು. ಕಳೆದ ಫೋನ್ ಬ್ಲಾಕ್ ಮಾಡೋಕೆ, ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ನೋಡೋಕೆ ಅದು ಉಪಯೋಗಕ್ಕೆ ಬರೋ ಆ್ಯಪೇ. ಆದರೆ ನಮ್ಮನ್ನ ಕೇಳದೆ ಎಲ್ಲರ ಫೋನಲ್ಲೂ ಇರಬೇಕು ಅಂದಾಗ ದೊಡ್ಡ ವಿರೋಧ ಬಂತು. ಡಿಸೆಂಬರ್ 3ರಂದು ಸರ್ಕಾರ ಆ ಕಡ್ಡಾಯವನ್ನ ವಾಪಸ್ ತಗೊಂಡಿತು. ಫೋನಲ್ಲಿ ಏನಿರಬೇಕು ಅಂತ ಹೇಳೋ ಹಕ್ಕು ಯಾರದ್ದು ಅನ್ನೋ ಚರ್ಚೆ ಆ ಒಂದು ವಾರ ಮನೆಮನೆಯಲ್ಲೂ ಆಯ್ತು.

ಕಂಪನಿಗಳ ಕಡೆಯಿಂದಲೂ ಇದೇ ಪ್ರಶ್ನೆ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಆಂಡ್ರಾಯ್ಡ್ ವಿಚಾರದಲ್ಲಿ ತನ್ನ ಪ್ರಾಬಲ್ಯ ದುರುಪಯೋಗ ಮಾಡಿಕೊಂಡಿದೆ ಅಂತ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಫೋನ್ ಕಂಪನಿಗಳು ಗೂಗಲ್ ಆ್ಯಪ್‌ಗಳ ಇಡೀ ಕಟ್ಟನ್ನ ಹಾಕಲೇಬೇಕು ಅನ್ನೋದು ಮುಖ್ಯ ಆಕ್ಷೇಪಗಳಲ್ಲಿ ಒಂದು. 2023ರ ಜನವರಿಯಲ್ಲಿ, ಭಾರತದಲ್ಲಿ ಕಂಪನಿಗಳು ಬೇಕಾದ ಆ್ಯಪ್ ಮಾತ್ರ ಆರಿಸಿಕೊಳ್ಳಬಹುದು ಅಂತ ಗೂಗಲ್ ಘೋಷಿಸಿತು. ಅದೇ ತಿಂಗಳು ಐಐಟಿ ಮದ್ರಾಸ್‌ನಲ್ಲಿ ಬೆಳೆದ ಸಂಸ್ಥೆಯೊಂದರ 'ಭರೋಸ್' ಅನ್ನೋ ಓಎಸ್ ಕೂಡ ಸುದ್ದಿ ಮಾಡಿತು. ಅದರ ಅಡಿಪಾಯವೂ ಎಓಎಸ್‌ಪಿಯೇ.

ಇನ್ನೊಂದು ಕಡೆ ಬಾಗಿಲುಗಳು ಕಿರಿದಾಗ್ತಿವೆ. 2025ರಲ್ಲಿ ಗೂಗಲ್ ಆಂಡ್ರಾಯ್ಡ್ ಅಭಿವೃದ್ಧಿಯನ್ನ ಪೂರ್ತಿ ಒಳಗೇ ಮಾಡಿ, ಆಮೇಲೆ ಕೋಡ್ ಹೊರಬಿಡೋ ಪದ್ಧತಿಗೆ ಹೋಯ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಇನ್ನೊಂದು ಘೋಷಣೆ: ಪ್ಲೇ ಸ್ಟೋರ್ ಹೊರಗಿನಿಂದ ಹಾಕೋ ಆ್ಯಪ್‌ಗಳ ಡೆವಲಪರ್‌ಗಳೂ ಗುರುತು ದೃಢೀಕರಿಸಿಕೊಳ್ಳಬೇಕು, 2026ರ ಸೆಪ್ಟೆಂಬರ್‌ನಿಂದ ನಾಲ್ಕು ದೇಶಗಳಲ್ಲಿ, 2027ರಿಂದ ಉಳಿದ ಕಡೆ. ಮುಕ್ತ ಆ್ಯಪ್‌ಗಳ ಭಂಡಾರ ಎಫ್-ಡ್ರಾಯ್ಡ್ ಇದನ್ನ ಬಲವಾಗಿ ವಿರೋಧಿಸಿತು. ಆಮೇಲೆ, ಅನುಭವಿ ಬಳಕೆದಾರರಿಗೆ ಒಂದು ದಾರಿ ಬಿಡ್ತೀವಿ ಅಂತ ಗೂಗಲ್ ಹೇಳಿತು. ಈ ನಿಯಮ ಅನ್ವಯಿಸೋದು ಗೂಗಲ್ ಪ್ರಮಾಣೀಕರಿಸಿದ ಫೋನ್‌ಗಳಿಗೆ.

2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತಲ್ಲ, ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದಾಗಲೇ ಅವರಿಗೆ ಎಂಬತ್ತು ದಾಟಿತ್ತು. ಅದಕ್ಕೇ ಇದು ಗೀಕ್‌ಗಳ ಹುಚ್ಚು ಅಂತ ನಾನು ಈಗ ಹೇಳಲ್ಲ.

ಇವತ್ತೇ ಮಾಡಬಹುದಾದ್ದು

ಓಎಸ್ ಬದಲಾಯಿಸದೆಯೂ ಶುರು ಮಾಡಬಹುದು.

ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರಲ್ಲಿ ಪರ್ಮಿಷನ್ ಮ್ಯಾನೇಜರ್ ತೆಗೀರಿ. ಕಾಂಟ್ಯಾಕ್ಟ್ಸ್ ಒತ್ತಿ, ಯಾವ ಯಾವ ಆ್ಯಪ್‌ಗೆ ಕೊಟ್ಟಿದ್ದೀರಿ ನೋಡಿ. ಟಾರ್ಚ್, ಗೇಮ್, ಫೋಟೋ ಎಡಿಟರ್, ಸಾಲದ ಆ್ಯಪ್ ಇದ್ದರೆ ತೆಗೆದುಹಾಕಿ. ಆ ಪಟ್ಟಿಯಲ್ಲಿರೋದು ಬರೀ ನಿಮ್ಮ ಮಾಹಿತಿ ಅಲ್ಲ, ನಿಮ್ಮನ್ನ ನಂಬಿ ನಂಬರ್ ಕೊಟ್ಟವರದ್ದು.

ಅಲ್ಲೇ 'ಆ್ಯಡ್ಸ್' ವಿಭಾಗದಲ್ಲಿ ಜಾಹೀರಾತು ಐಡಿ ಅಳಿಸೋ ಆಯ್ಕೆ ಇದೆ, ಅಳಿಸಿ. ಎಫ್-ಡ್ರಾಯ್ಡ್‌ನಲ್ಲಿ ಇಂಡಿಕ್ ಕೀಬೋರ್ಡ್ ಥರದ ಮುಕ್ತ ಕೀಬೋರ್ಡ್ ಸಿಗತ್ತೆ, ಕನ್ನಡ ಇದೆ.

ಮನೆಯಲ್ಲಿ ಮೂಲೆಗೆ ಬಿದ್ದ ಹಳೆ ಫೋನ್ ಇದ್ದರೆ ಅದರ ನಿಖರವಾದ ಮಾಡೆಲ್ ನಂಬರ್ ನೋಡಿ, ಲಿನಿಯೇಜ್ ವೆಬ್‌ಸೈಟಿನ ಪಟ್ಟಿಯಲ್ಲಿ ಹುಡುಕಿ. ಇದ್ದರೆ ಪ್ರಯೋಗ ಅದರ ಮೇಲೆ ಮಾಡಿ, ದಿನಾ ಬಳಸೋ ಫೋನ್ ಮೇಲೆ ಬೇಡ. ವಾರಂಟಿ ಇದ್ದರೆ ಕಂಪನಿಯ ಷರತ್ತು ಓದಿಕೊಳ್ಳಿ. ಐಫೋನ್‌ನಲ್ಲಿ ಬೇರೆ ಓಎಸ್ ಹಾಕೋ ದಾರಿ ಇಲ್ಲ. ಮುಂದಿನ ಸಲ ಫೋನ್ ಕೊಳ್ಳುವಾಗ ಕ್ಯಾಮೆರಾ, ಬ್ಯಾಟರಿ ಜೊತೆಗೆ ಇನ್ನೆರಡು ಪ್ರಶ್ನೆ ಸೇರಿಸಿ: ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಬರತ್ತೆ? ಬೂಟ್‌ಲೋಡರ್ ತೆರೆಯೋಕೆ ಬಿಡ್ತಾರಾ?

ಹೋದ ಹಬ್ಬಕ್ಕೆ ಊರಿಗೆ ಹೋದಾಗ ಚಿಕ್ಕಪ್ಪನ ಮಗ ನನ್ನ ಫೋನ್ ನೋಡಿ, "ಅಣ್ಣ, ನಂಗೂ ಹಾಕ್ಕೊಡು" ಅಂದ. ಅವನ ಫೋನ್ ಕಂಪನಿ ಬೂಟ್‌ಲೋಡರ್ ತೆರೆಯೋಕೆ ಬಿಡಲ್ಲ. ಆಗಲ್ಲ ಕಣೋ ಅಂದೆ. ಬದಲಿಗೆ ಜಗಲಿಯಲ್ಲಿ ಕೂತು ಅವನ ಪರ್ಮಿಷನ್ ಪಟ್ಟಿ ತೆಗೆದ್ವಿ. ಕಾಂಟ್ಯಾಕ್ಟ್ಸ್ ಮೂವತ್ತೊಂದು ಆ್ಯಪ್‌ಗಳ ಕೈಯಲ್ಲಿತ್ತು. ಕಾಫಿ ಮುಗಿಯೋ ಹೊತ್ತಿಗೆ ಅದನ್ನ ನಾಲ್ಕಕ್ಕೆ ಇಳಿಸಿದ್ದ. ಆಮೇಲೆ ಚಿಕ್ಕಮ್ಮನ ಫೋನ್ ಇಸ್ಕೊಂಡು ಅದನ್ನೂ ತಾನೇ ಶುರು ಮಾಡಿದ.

ನಿಮ್ಮ ಫೋನಲ್ಲಿ ಆ ಪಟ್ಟಿ ಎಷ್ಟಿದೆ ಅಂತ ಈಗಲೇ ನೋಡಿ, ನಮಗೂ ಬರೆದು ತಿಳಿಸಿ.